ಕೆಡ್ಡಸಕ್ಕೆ ಹೋಗಿದ್ದೆ: ನೆಲ, ಕಡಲು ಮತ್ತು ಚಂದ್ರ

ತುಳುವರ ಪುಯಿಂತೆಲ್ ತಿಂಗಳ ಕೊನೆಯ ಮೂರು ದಿನ ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ಹೊತ್ತು ಅದು ಅಂತ ನಂಬಿಕೆ. ನೆಲ ಅಗೆಯಬಾರದು, ಉಳಬಾರದು, ಹಸಿ ಗಿಡ ಕಡಿಯಬಾರದು. ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಬರುತ್ತದೆ.

ನಾನು ಬಯಲುಸೀಮೆಯವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. 2023ರ ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿದ ಮೇಲೆ ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ ಕೇಳುತ್ತಾನೆ: "ಮಿಸ್, ಚಂದ್ರ ಈಗ ನಮ್ದಾ?" ಬಾಹ್ಯಾಕಾಶ ಒಪ್ಪಂದದ ಹೆಸರು, ಇಸವಿ ಹೇಳಿ, ಯಾವ ದೇಶದ್ದೂ ಅಲ್ಲ ಅಂತ ಉತ್ತರ ಕೊಡುತ್ತೇನೆ. ಆದರೂ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿಯುತ್ತದೆ. ಮೂರು ದಿನ ನೆಲ ಮುಟ್ಟದ ಜನ, ಉಪಗ್ರಹ ತೋರಿಸಿದ ಕಡೆ ಬಲೆ ಬಿಡುವ ಜನ, ದೇಶದ ಮೊದಲ ಉಪಗ್ರಹ ಕಟ್ಟಿಸಿದವರ ಊರು, ಎಲ್ಲ ಒಂದೇ ಕರಾವಳಿಯಲ್ಲಿ ಅಕ್ಕಪಕ್ಕ ಇವೆ. ಉಡುಪಿ ಕಡೆಯ ಗೆಳತಿ "ಕೆಡ್ಡಸಕ್ಕೆ ನಮ್ಮನೆಗೆ ಹೋಗು, ಅಮ್ಮ ಇರ್ತಾರೆ" ಅಂದಳು. ರಾತ್ರಿ ಬಸ್ಸು ಹತ್ತಿದೆ.

ಸುರು ಕೆಡ್ಡಸ: ಮಂಗಳೂರು

ಬಸ್ಸಿಳಿದಾಗ ಇನ್ನೂ ಏಳು ಗಂಟೆ. ಆಗಲೇ ಬೆನ್ನು ಒದ್ದೆ. ಕರಾವಳಿಯ ಸೆಕೆಗೆ ಫೆಬ್ರವರಿ, ಮೇ ಅಂತ ಭೇದ ಇಲ್ಲ. ಹತ್ತಿಯ ಬಟ್ಟೆ, ಒಂದು ಟವೆಲ್ ಕೈಯಲ್ಲೇ ಇದ್ದರೆ ಒಳ್ಳೇದು. ಹೋಟೆಲಿನಲ್ಲಿ ಬಿಸಿ ಬನ್ಸ್ ತಿಂದೆ. ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟು, ಒಳಗೆ ಜೀರಿಗೆಯ ಘಮ. ಎರಡನೇ ಪ್ಲೇಟ್ ಕೇಳದೆ ಏಳಲು ಆಗಲಿಲ್ಲ.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಪಿಲಿಕುಳಕ್ಕೆ ಸಿಟಿ ಬಸ್ಸು ಸಿಗುತ್ತದೆ. ವಾಮಂಜೂರು ದಾಟಿದರೆ ಪೇಟೆಯ ಗದ್ದಲ ಕಡಿಮೆಯಾಗಿ ಮರಗಳು ಶುರು. ಪಿಲಿಕುಳ ನಿಸರ್ಗಧಾಮದಲ್ಲಿ ಮೃಗಾಲಯ, ಕೆರೆ, ತುಳುನಾಡಿನ ಹಳೆಯ ಜಮೀನ್ದಾರರ ಗುತ್ತಿನ ಮನೆ ಎಲ್ಲ ಇವೆ. ನನಗೆ ಬೇಕಾಗಿದ್ದು ಸ್ವಾಮಿ ವಿವೇಕಾನಂದ ತಾರಾಲಯ. 2018ರಲ್ಲಿ ಶುರುವಾದದ್ದು. ತ್ರೀಡಿಯಲ್ಲಿ ಆಕಾಶ ತೋರಿಸುತ್ತಾರೆ. ಕನ್ನಡದ ಪ್ರದರ್ಶನ ಯಾವ ಹೊತ್ತಿಗೆ ಅಂತ ಮೊದಲೇ ಕೇಳಿಕೊಂಡು ಹೋಗಿ. ಇಲ್ಲದಿದ್ದರೆ ಬಿಸಿಲಲ್ಲಿ ಕಾಯಬೇಕಾಗುತ್ತದೆ.

ನನ್ನ ಮುಂದಿನ ಸಾಲಿನಲ್ಲಿ ಯಾವುದೋ ಶಾಲೆಯ ಪುಟ್ಟ ಮಕ್ಕಳು. ದೀಪ ಆರಿ ಗುಮ್ಮಟದ ತುಂಬ ನಕ್ಷತ್ರ ಬಂದ ಕೂಡಲೇ ಅಷ್ಟೂ ಕೈಗಳು ಮೇಲೆದ್ದವು. ಒಬ್ಬಳು ಶನಿಯ ಬಳೆ ಹಿಡಿಯಲು ಎದ್ದೇ ನಿಂತಳು. ಟೀಚರ್ ಫ್ರಾಕು ಹಿಡಿದು ಕೂರಿಸಿದರು. ಮತ್ತೆ ಎದ್ದಳು. ಹಿಂದೆ ಕೂತಿದ್ದ ನಾನು ತುಂಬ ಹೊತ್ತು ಗುಮ್ಮಟ ಬಿಟ್ಟು ಅವಳನ್ನೇ ನೋಡುತ್ತಿದ್ದೆ.

ಹೊರಗೆ ಬಂದು ಕೆರೆಯ ದಂಡೆಯಲ್ಲಿ ಕೂತಾಗ ನೆನಪಾದದ್ದು ಅಪೋಲೋ 8. 1968ರ ಡಿಸೆಂಬರ್ 24ರಂದು ಆ ನೌಕೆಯಲ್ಲಿ ಚಂದ್ರನನ್ನು ಸುತ್ತುತ್ತಿದ್ದ ಗಗನಯಾತ್ರಿ ಬಿಲ್ ಆ್ಯಂಡರ್ಸ್ ತೆಗೆದ ಫೋಟೋ. ಬೂದು ಬಣ್ಣದ ಚಂದ್ರನ ಅಂಚಿನಾಚೆ ಅರ್ಧ ಕಾಣುವ ನೀಲಿ ಭೂಮಿ. ಚಂದ್ರನನ್ನು ನೋಡಲು ಹೋದವರಿಗೆ ಭೂಮಿ ಕಂಡಿತು. 1970ರ ಏಪ್ರಿಲ್ 22ಕ್ಕೆ ಅಮೆರಿಕದಲ್ಲಿ ಮೊದಲ ಭೂದಿನ ಆಚರಿಸಿದರು. ಪರಿಸರದ ಬಗ್ಗೆ ಮಾತಾಡುವವರೆಲ್ಲ ಆ ಫೋಟೋ ಹಿಡಿದುಕೊಂಡರು. ನಾವೆಲ್ಲ ಒಂದೇ ಮನೆಯವರು ಅಂತ ಅದು ಹೇಳುತ್ತದೆ, ನಿಜ. ಆದರೆ ಅಷ್ಟು ದೂರದಿಂದ ನೋಡಿದರೆ ಆ ಮನೆಯಲ್ಲಿ ಯಾರು ಉಣ್ಣುತ್ತಿದ್ದಾರೆ, ಯಾರು ಪಾತ್ರೆ ತೊಳೆಯುತ್ತಿದ್ದಾರೆ ಅಂತ ಕಾಣುವುದಿಲ್ಲ. ತರಗತಿಯಲ್ಲಿ ಆ ಫೋಟೋ ತೋರಿಸಿದಾಗಲೆಲ್ಲ ಈ ಮಾತನ್ನೂ ಹೇಳಬೇಕು ಅನಿಸುತ್ತದೆ.

ರಾತ್ರಿ ಊಟ ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಕಣ್ಣಲ್ಲಿ ನೀರು ಬರುವಷ್ಟು ಖಾರ, ಬಿಡಲಾಗದಷ್ಟು ರುಚಿ.

ನಡು ಕೆಡ್ಡಸ: ಅದಮಾರು, ಕಾಪು

ಬಾಡಿಗೆ ಸ್ಕೂಟರ್ ತಗೊಂಡು ಬೆಳಿಗ್ಗೆಯೇ ಹೊರಟೆ. ಹೆದ್ದಾರಿ 66ರಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ. ಲಾರಿಗಳ ಭರಾಟೆ ಜೋರು. ಸಾಧ್ಯವಾದಲ್ಲೆಲ್ಲ ಸರ್ವಿಸ್ ರಸ್ತೆಯಲ್ಲೇ ಹೋಗುವುದು ಕ್ಷೇಮ. ಎರ್ಮಾಳು ಹತ್ತಿರ ಬರುವಾಗ ಕೈಯಲ್ಲಿ ಏನೋ ಸಡಿಲವಾದಂತಾಯಿತು. ಎಕ್ಸಿಲರೇಟರ್ ಕೇಬಲ್ ಕಟ್.

ತಳ್ಳಿಕೊಂಡು ಹೋದರೆ ಒಂದು ಗ್ಯಾರೇಜ್ ಸಿಕ್ಕಿತು. "ಕೇಬಲ್ ಪಡುಬಿದ್ರಿಯಿಂದ ತರಿಸ್ಬೇಕು ಅಕ್ಕ, ಅರ್ಧ ಗಂಟೆ ಕೂತ್ಕೊಳ್ಳಿ" ಅಂದ ಹುಡುಗ. ಅರ್ಧ ಗಂಟೆ ಎರಡು ಗಂಟೆಯಾಯಿತು. ಅದರಿಂದ ನನಗೆ ಲಾಭವೇ ಆಯಿತು.

ಗ್ಯಾರೇಜಿನ ಪಕ್ಕದ ಜಾಗದಲ್ಲಿ ಮನೆಗೆ ಪಾಯ ತೋಡುವ ಕೆಲಸ ಅರ್ಧಕ್ಕೆ ನಿಂತಿತ್ತು. ಜೆಸಿಬಿ ಬಕೆಟ್ಟು ನೆಲಕ್ಕೂರಿ ಸುಮ್ನೆ ನಿಂತಿದೆ. ಬಕೆಟ್ಟಿನ ಹಲ್ಲುಗಳಲ್ಲಿ ಕೆಂಪು ಮಣ್ಣು ಒಣಗಿ ಬಿರಿದಿದೆ. ಅದರ ನೆರಳಲ್ಲಿ ಡ್ರೈವರ್ ಕೂತು ರೊಟ್ಟಿ ತಿನ್ನುತ್ತಿದ್ದ. ಬಾಗಲಕೋಟೆ ಕಡೆಯವನು. ಯಾಕೆ ಕೆಲಸ ಇಲ್ಲ ಅಂತ ಕೇಳಿದೆ.

"ಮಾಲಕರ ತಾಯಿ ಮೂರ್ ದಿನಾ ನೆಲಾ ಮುಟ್ಟಬ್ಯಾಡ ಅಂದಾರ್ರಿ. ಇಲ್ಲಿ ಭೂಮ್ತಾಯಿ ಹೊರಗ ಕುಂತಾಳಂತ."

"ನಿಮಗೆ ಬಾಡಿಗೆ ನಷ್ಟ ಅಲ್ವಾ?"

"ಅದ ಐತ್ರಿ. ಆದ್ರ ಬ್ಯಾಡ ಅಂದಮ್ಯಾಗ ಮುಗೀತು. ನಮ್ ಕಡೀನೂ ಸೀಗಿ ಹುಣ್ಣಿಮಿಗೆ ಆಕಿ ಬಸುರಿ ಅಂತ ಹೊಲಕ್ಕ ಚರಗಾ ಚೆಲ್ತೀವಲ್ರಿ. ಇಲ್ಲಿ ಈ ಲೆಕ್ಕ." ನೀರು ಕುಡಿದು ಹೆದ್ದಾರಿ ಕಡೆ ಕೈ ತೋರಿಸಿದ. ಅಲ್ಲಿ ಇನ್ನೊಂದು ಜೆಸಿಬಿ ಚರಂಡಿ ತೋಡುತ್ತಿತ್ತು. "ಅದು ಕಂಟ್ರಾಟು ಕೆಲಸ. ಅದಕ್ಕ ಇದೆಲ್ಲಾ ಇಲ್ರಿ."

ಆ ಎರಡು ಜೆಸಿಬಿಗಳ ನಡುವೆ ನೂರು ಮೀಟರ್ ಇರಬಹುದು. ಮಣ್ಣು ಒಂದೇ, ಯಂತ್ರ ಒಂದೇ, ಡ್ರೈವರುಗಳೂ ಬಹುಶಃ ಒಂದೇ ಕಡೆಯವರು. ಒಂದಕ್ಕೆ ಬೇಡ ಅನ್ನುವ ಅಜ್ಜಿಯೊಬ್ಬರು ಇದ್ದಾರೆ. ಇನ್ನೊಂದಕ್ಕೆ ಮುಗಿಸಬೇಕಾದ ತಾರೀಖು ಇದೆ. ನಿಸರ್ಗದ ಜೊತೆ ಮನುಷ್ಯರ ಸಂಬಂಧ ಅಂತ ನಾವು ದೊಡ್ಡ ಮಾತಾಡುತ್ತೇವೆ. ಇಲ್ಲಿ ಅದು ಮನುಷ್ಯ ಮನುಷ್ಯರ ನಡುವಿನ ಮಾತಾಗಿತ್ತು: ಯಾರ ಮಾತಿಗೆ ಯಂತ್ರ ನಿಲ್ಲುತ್ತದೆ?

ಕೇಬಲ್ ಹಾಕಿಸಿ ಅದಮಾರಿಗೆ ಹೋದೆ. ಹೆದ್ದಾರಿಯಿಂದ ಒಳಗೆ, ತೆಂಗು ಮತ್ತು ಗದ್ದೆಯ ನಡುವಿನ ಸಣ್ಣ ಊರು. ಉಡುಪಿ ರಾಮಚಂದ್ರ ರಾವ್, ಅಂದರೆ ಯು. ಆರ್. ರಾವ್ ಹುಟ್ಟಿದ್ದು ಇಲ್ಲಿ, 1932ರಲ್ಲಿ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ ಸಂಶೋಧನೆ ಮಾಡಿದರು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಕಟ್ಟಿದ 360 ಕಿಲೋ ತೂಕದ ದೇಶದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಚಿತ್ರ ಅದೇ. ಅದೇ ವರ್ಷ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದರು. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳೂ ಅದರಲ್ಲಿದ್ದವು. ಕೃಷಿ, ಆರೋಗ್ಯ, ಶಾಲೆ. ಬಾಹ್ಯಾಕಾಶ ಬಡವರ ಮನೆ ಬಾಗಿಲಿಗೆ ಬರಬೇಕು ಎಂಬ ಆ ಕಾಲದ ಹಟ ನನಗೆ ಬಹಳ ಇಷ್ಟ. ಅದನ್ನು ನಾವು ಮರೆಯಬಾರದು.

ಊರಿನ ಅಂಗಡಿಯಲ್ಲಿ ಬೊಂಡ, ಅಂದರೆ ಎಳನೀರು, ಕುಡಿಯುತ್ತ ನಿಂತಿದ್ದೆ. ಗದ್ದೆಯಾಚೆ ದೂರದಲ್ಲಿ ಕಲ್ಲಿದ್ದಲು ಸ್ಥಾವರದ ಎತ್ತರದ ಚಿಮಣಿ ಕಾಣುತ್ತಿತ್ತು. ಅಂಗಡಿಯ ಹಿರಿಯರು ನನ್ನ ಕಣ್ಣು ಹೋದ ಕಡೆ ನೋಡಿ, "ಕರೆಂಟ್ ಬೇಕಲ್ಲ ಮೇಡಂ, ಎಂತ ಮಾಡುದು" ಅಂದರು. ಸ್ವಲ್ಪ ತಡೆದು, "ಆದ್ರೆ ಕರೆಂಟ್ ಹೋಗುದು ಎಲ್ಲಿಗೋ, ಬೂದಿ ಬೀಳುದು ಇಲ್ಲಿ" ಅಂತ ಸೇರಿಸಿದರು.

ಸಂಜೆ ಕಾಪು. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ಮೇಲೆ ಹತ್ತಲು ಸಂಜೆ ಹೊತ್ತು ಮಾತ್ರ ಬಿಡುತ್ತಾರೆ. ಕೊನೆಯ ಮೆಟ್ಟಿಲುಗಳು ಇಕ್ಕಟ್ಟು. ಸೀರೆ ಉಟ್ಟವರು ಸ್ವಲ್ಪ ನೋಡಿಕೊಂಡು ಹತ್ತಬೇಕು. ಮೇಲೆ ಗಾಳಿ ಎಷ್ಟೆಂದರೆ ಮಾತು ಕೇಳಿಸುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಕಡಲಿನ ಅಂಚಿನಲ್ಲಿ ಬೋಟುಗಳ ದೀಪ ಒಂದೊಂದಾಗಿ ಹತ್ತಿಕೊಂಡವು.

ಗೆಳತಿಯ ಮನೆ ಅಲ್ಲಿಂದ ಒಳನಾಡಿಗೆ, ಶಿರ್ವದ ದಾರಿಯಲ್ಲಿ. ಊಟ ಮುಗಿಸಿ ಅಮ್ಮ ಅಂಗಳದ ದೀಪ ಆರಿಸಿದರು. ಚಂದ್ರ ಇಲ್ಲದ ರಾತ್ರಿ. ನೆತ್ತಿಯಿಂದ ಚೂರು ಪಡುವಣಕ್ಕೆ ಕೃತ್ತಿಕೆ, ಪಕ್ಕದಲ್ಲಿ ರೋಹಿಣಿ, ಮೃಗಶಿರದ ಮೂರು ಚುಕ್ಕಿ, ಕೆಳಗೆ ಲುಬ್ಧಕ. ತೆಂಕಣಕ್ಕೆ ತೆಂಗಿನ ಮರದ ಸಂದಿಯಲ್ಲಿ ಅಗಸ್ತ್ಯ. ನನ್ನ ಊರಲ್ಲಿ ಇದರಲ್ಲಿ ಅರ್ಧವೂ ಕಾಣುವುದಿಲ್ಲ.

"ಸಣ್ಣವಳಿರುವಾಗ ಕೃತ್ತಿಕೆ ಎಲ್ಲಿಗೆ ಬಂತು ನೋಡಿ ಯಕ್ಷಗಾನ ಬಿಡ್ಲಿಕ್ಕೆ ಎಷ್ಟು ಹೊತ್ತು ಉಂಟು ಅಂತ ಹೇಳ್ತಿದ್ರು ಮಗಾ" ಅಂದರು ಅಮ್ಮ. ಅಷ್ಟರಲ್ಲಿ ಒಂದು ಚುಕ್ಕಿ ಮಿನುಗದೆ, ನಿಲ್ಲದೆ ಆಕಾಶ ದಾಟಿತು. ಉಪಗ್ರಹ. ಸ್ವಲ್ಪ ಹೊತ್ತಿಗೆ ಇನ್ನೊಂದು. 2019ರಿಂದ ಖಾಸಗಿ ಕಂಪನಿಗಳು ಇಂಟರ್‌ನೆಟ್ಟಿಗಾಗಿ ಸಾವಿರಾರು ಉಪಗ್ರಹ ಹಾರಿಸಿವೆ. ದೂರದರ್ಶಕದಲ್ಲಿ ತೆಗೆದ ಚಿತ್ರಗಳ ಮೇಲೆ ಅವು ಗೀರು ಎಳೆಯುತ್ತವೆ ಅಂತ ಖಗೋಳ ವಿಜ್ಞಾನಿಗಳ ದೂರು. ಆಕಾಶದಲ್ಲಿ ಜಾಗ ಹಿಡಿಯುವಾಗ ಕೆಳಗೆ ನೋಡುತ್ತ ಕೂತವರನ್ನು ಯಾರೂ ಕೇಳಲಿಲ್ಲ. ಅಮ್ಮನನ್ನಂತೂ ಕೇಳಲಿಲ್ಲ.

ಕಡೆ ಕೆಡ್ಡಸ: ಅಂಗಳ, ಬನ, ದ್ವೀಪ

ಬೆಳಕು ಹರಿಯುವ ಮುಂಚೆ ಅಮ್ಮ ಎಬ್ಬಿಸಿದರು. ಸ್ನಾನ ಮಾಡಿ ತುಳಸಿಕಟ್ಟೆಯ ಎದುರು ಸಗಣಿ ಸಾರಿಸಿದ ಜಾಗದಲ್ಲಿ ಕೂತರು. ಎಲೆಯ ಮೇಲೆ ಅರಸಿನ, ಕುಂಕುಮ, ಸೀಗೆಪುಡಿ, ಬಾಚಣಿಗೆ, ಕನ್ನಡಿ. ತೆಂಗಿನೆಣ್ಣೆಯನ್ನು ಮೂರು ಬೆರಳಲ್ಲಿ ಅದ್ದಿ ನೆಲಕ್ಕೆ ಬಿಟ್ಟರು. ಎಣ್ಣೆ ಒಂದು ಕ್ಷಣ ಹೊಳೆದು ಮಣ್ಣಿನೊಳಗೆ ಇಳಿಯಿತು. ಬಾಣಂತಿಯ ತಲೆಗೆ ಎಣ್ಣೆ ಹಚ್ಚುವ ಅದೇ ಬೆರಳು, ಅದೇ ಮೆದು. ಆಮೇಲೆ ಹುರಿದ ಅಕ್ಕಿ, ಹುರುಳಿ, ಬೆಲ್ಲ, ತೆಂಗಿನಕಾಯಿ ಸೇರಿಸಿ ಕುಟ್ಟಿದ ನನ್ನೇರಿ. ಒಂದು ಪಾಲು ನೆಲಕ್ಕೆ, ಉಳಿದದ್ದು ನಮಗೆ. ಹುರುಳಿಯ ಹುರಿದ ಪರಿಮಳ ಕೈಯಿಂದ ಮಧ್ಯಾಹ್ನದವರೆಗೂ ಹೋಗಲಿಲ್ಲ.

ಮುಟ್ಟಿನ ಹೆಸರಲ್ಲಿ ಹೆಂಗಸರನ್ನು ಮನೆಯಿಂದ, ಗುಡಿಯಿಂದ ಹೊರಗಿಡುವುದನ್ನು ನಾನು ಒಪ್ಪುವವಳಲ್ಲ. ಹಾಗಂತ ಅಮ್ಮನಿಗೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಮ್ಗೆ ಆ ಮೂರು ದಿನ ಯಾರು ರಜೆ ಕೊಟ್ಟದ್ದು ಮಗಾ? ಗದ್ದೆಗೆ ಹೋಗ್ತಿದ್ದೆವು. ಭೂಮಿಗಾದ್ರೂ ಸಿಗ್ಲಿ" ಅಂದರು. ನನ್ನ ವಾದ ಅಲ್ಲಿಗೇ ನಿಂತಿತು.

ಮನೆಯ ಹಿಂದೆ ನಾಗಬನ. ಕಾಸರ್ಕ, ಸುರಗಿ, ತೋಳಿನಷ್ಟು ದಪ್ಪದ ಬಳ್ಳಿಗಳು. ಒಳಗೆ ಕಾಲಿಟ್ಟರೆ ಸೆಕೆ ಥಟ್ಟನೆ ಇಳಿಯುತ್ತದೆ. ಬಿದ್ದ ಕಡ್ಡಿಯನ್ನೂ ಒಲೆಗೆ ತರುವುದಿಲ್ಲ ಈ ಮನೆಯವರು. ಆದರೆ ಇದೇ ಊರಿನ ಇನ್ನೊಂದು ಕಡೆ ಬನದ ಮರಗಳೆಲ್ಲ ಹೋಗಿ ಗ್ರಾನೈಟ್ ಕಟ್ಟೆ, ಶೀಟಿನ ಮಾಡು ಬಂದಿದೆ. ನಾಗನ ಕಲ್ಲು ಇದೆ, ಪೂಜೆ ಜೋರಾಗಿಯೇ ನಡೆಯುತ್ತದೆ. ಕಾಡು ಮಾತ್ರ ಇಲ್ಲ. ಭಕ್ತಿ ಇದ್ದ ಮಾತ್ರಕ್ಕೆ ಮರ ಉಳಿಯುತ್ತದೆ ಅಂತ ನಂಬಿದ್ದೆ. ಹಾಗಿಲ್ಲ. ಕಡ್ಡಿ ಮುಟ್ಟಬಾರದು ಎಂಬ ಕಟ್ಟಳೆ ಇರುವಷ್ಟು ದಿನ ಮರ ಇರುತ್ತದೆ.

ಮಧ್ಯಾಹ್ನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ. ಶನಿವಾರ, ಭಾನುವಾರ ಜಾತ್ರೆ ಇರುತ್ತದೆ. ವಾರದ ನಡುವೆ ಹೋದರೆ ಕಲ್ಲುಗಳನ್ನು ನೆಮ್ಮದಿಯಿಂದ ನೋಡಬಹುದು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಕಾಲಿಗೆ ಗಟ್ಟಿ ಚಪ್ಪಲಿ ಇರಲಿ, ಮರಳಿಗಿಂತ ಚಿಪ್ಪೇ ಜಾಸ್ತಿ.

ಕಲ್ಲುಗಳು ಕಂಬ ಕಂಬವಾಗಿ ನಿಂತಿವೆ. ಐದು ಮುಖ, ಆರು ಮುಖ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಹರಿದ ಲಾವಾ ಇದು. ತಣ್ಣಗಾಗುತ್ತ ಕುಗ್ಗಿ, ಬಿರಿದು, ಹೀಗೆ ಕಂಬಗಳಾದವು. ಚಂದ್ರನ ಮೇಲೆ ಬರಿಗಣ್ಣಿಗೆ ಕಾಣುವ ಕಪ್ಪು ಕಲೆಗಳೂ ಲಾವಾ ಹರಿದು ಹೆಪ್ಪುಗಟ್ಟಿದ ಬಯಲುಗಳೇ. ಒಂದು ಕಂಬದ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದಿತ್ತು. ಅದರ ಮೇಲೆ ಯಾರೋ ಪ್ರೇಮಿಗಳು ಹೆಸರು ಕೆತ್ತಿದ್ದರು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಾವಲುಗಾರರು ಸೀಟಿ ಊದುತ್ತಲೇ ಇರುತ್ತಾರೆ. ಆದರೂ ಎಷ್ಟು ಜನರ ಹಿಂದೆ ಓಡಿಯಾರು?

ಮರುದಿನ: ಮಲ್ಪೆ ಬಂದರು

ಬಂದರು ನೋಡಲು ಬೆಳಗಿನ ಆರಕ್ಕೆ ಹೋಗಬೇಕು. ಎಂಟಕ್ಕೆ ಹೋದರೆ ಹಲವು ಬುಟ್ಟಿಗಳು ಖಾಲಿ. ನೆಲವೆಲ್ಲ ಐಸಿನ ನೀರು, ಮೀನಿನ ಪೊರೆ. ಬೂತಾಯಿ, ಬಂಗುಡೆ, ಅಂಜಲ್, ಬೊಂಡಾಸ್. ಏಲಂ ಕೂಗುವವರ ವೇಗಕ್ಕೆ ನನ್ನ ಕಿವಿ ಸೋತಿತು. ದಾರಿಗೆ ಅಡ್ಡ ನಿಂತಿದ್ದಕ್ಕೆ ಮೀನು ಹೊತ್ತ ಹೆಂಗಸೊಬ್ಬರು "ಬದಿಗೆ ಹೋಗಿ ಅಕ್ಕ" ಅಂತ ಜೋರು ಮಾಡಿದರು. ಸರಿಯಾಗಿಯೇ ಮಾಡಿದರು.

ಗೆಳತಿಯ ಸಂಬಂಧಿಯೊಬ್ಬರು ಅಲ್ಲಿ ಸಿಕ್ಕರು. ಹಿಂದೆ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಈಗ ಸ್ವಂತದ ನಾಡದೋಣಿ. ಚಹಾ ಕುಡಿಯುತ್ತ ಕೂತೆವು. ಉಪಗ್ರಹದ ಮಾಹಿತಿ ನಿಜವಾಗಿ ಉಪಯೋಗ ಆಗುತ್ತದಾ ಅಂತ ಕೇಳಿದೆ.

"ಆಗ್ತದೆ. ಸುಳ್ಳು ಹೇಳ್ಬಾರ್ದು" ಅಂದರು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇಂಕಾಯಿಸ್ ಇದನ್ನು ಕೊಡುವುದು. ಕಡಲ ಮೇಲ್ಮೈಯ ಬಿಸಿ ಎಷ್ಟು, ನೀರಿನಲ್ಲಿ ಹಸಿರು ಪಾಚಿಯ ಅಂಶ ಎಷ್ಟು ಅಂತ ಉಪಗ್ರಹ ಅಳೆಯುತ್ತದೆ. ತಂಪು ನೀರು, ಬೆಚ್ಚಗಿನ ನೀರು ಸೇರುವ ಕಡೆ, ಪಾಚಿ ಇರುವ ಕಡೆ ಮೀನು ಬರುವ ಸಾಧ್ಯತೆ ಹೆಚ್ಚು. ಯಾವ ಬಂದರಿನಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಎಷ್ಟು ಆಳ ಅಂತ ತಿಳಿಸುತ್ತಾರೆ. ಮೋಡ ಕವಿದರೆ ಮಾಹಿತಿ ಇಲ್ಲ. ಸುಮ್ನೆ ಅಲೆದು ಸುಡುವ ಡೀಸೆಲ್ ಉಳಿಯುತ್ತದೆ. ಯು. ಆರ್. ರಾವ್ ಕಾಲದವರು ಕಂಡ ಕನಸು ಇಂಥದ್ದೇ ಅಲ್ವಾ ಅಂತ ನನಗೆ ಖುಷಿಯಾಯಿತು.

"ಆದ್ರೆ ಮೇಡಂ, ಮೆಸೇಜ್ ಎಲ್ಲರಿಗೂ ಒಟ್ಟಿಗೇ ಬರುದು. ನನ್ನ ದೋಣಿ ಅಲ್ಲಿಗೆ ಮುಟ್ಟುವಾಗ ದೊಡ್ಡ ಎಂಜಿನ್‌ನವ ಬಲೆ ಎಳೆದು ಆಗಿರ್ತದೆ. ಮೇಲಿಂದ ನೋಡುವವನಿಗೆ ಮೀನು ಕಾಣ್ತದೆ, ಹಿಡಿದದ್ದು ಯಾರು ಅಂತ ಕಾಣುದಿಲ್ಲ."

ಅವರ ಅಜ್ಜ ರಂಪಣಿ ಎಳೆದವರು. ದಡದಿಂದ ಎಳೆಯುವ ಉದ್ದದ ಬಲೆ. ಹತ್ತಾರು ಜನ ಸೇರಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದ ನಡುವಿನಿಂದ ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮುಂಚೆಯೇ ಹಿಡಿದರು. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಆರ್ಯಭಟ ಮೇಲೆ ಹೋದದ್ದೂ ಆ ವರ್ಷಗಳಲ್ಲೇ. ಈಗ ಜನರೇಟರಿನ ಬೆಳಕು ಬಿಟ್ಟು ಮೀನು ಸೆಳೆಯುವ ಲೈಟ್ ಫಿಶಿಂಗಿನ ಜಗಳ. 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಜಗಳ ಮಾತ್ರ ನಿಂತಿಲ್ಲ.

ನಾನು ಚಂದ್ರನ ವಿಷಯ ತೆಗೆದೆ. ಧ್ರುವದ ಕುಳಿಗಳಲ್ಲಿ ಹಿಮವಾಗಿ ನೀರಿದೆ. ಅದನ್ನು ಒಡೆದು ರಾಕೆಟ್ಟಿಗೆ ಇಂಧನ ಮಾಡುವ ಯೋಚನೆ ಇದೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಚಂದ್ರ ನನ್ನದು ಅನ್ನುವ ಹಾಗಿಲ್ಲ. ಆದರೆ 2015ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು: ತನ್ನ ಪ್ರಜೆಗಳು ಅಲ್ಲಿಂದ ತೆಗೆದದ್ದು ಅವರಿಗೇ ಸೇರಿದ್ದು. ಚಂದ್ರನ ಸಂಪತ್ತು ಮನುಕುಲಕ್ಕೆಲ್ಲ ಸೇರಿದ್ದು ಎನ್ನುವ 1979ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ಅಮೆರಿಕ, ರಷ್ಯಾ, ಚೀನಾ ಅದರೊಳಗೆ ಬರಲೇ ಇಲ್ಲ. 2023ರ ಜೂನ್‌ನಲ್ಲಿ ನಾವು ಅಮೆರಿಕದ ಮುಂದಾಳತ್ವದ ಆರ್ಟೆಮಿಸ್ ಒಡಂಬಡಿಕೆಗೆ ಸೇರಿದೆವು. ಅದು ಅಲ್ಲಿನ ಸಂಪನ್ಮೂಲ ತೆಗೆಯುವುದನ್ನು ಒಪ್ಪುತ್ತದೆ.

ಅವರು ಗಮನವಿಟ್ಟು ಕೇಳಿದರು. "ಅಂದ್ರೆ ನೆಲ ಯಾರದ್ದೂ ಅಲ್ಲ, ಹಿಡಿದ ಮೀನು ಹಿಡಿದವನದ್ದು. ನಮ್ಮ ಕಡಲಿನ ಹಾಗೇ ಆಯ್ತಲ್ಲ" ಅಂದರು. ಆಮೇಲೆ ಕೇಳಿದರು: "ಅಲ್ಲಿಗೂ ಜೂನ್, ಜುಲೈ ಉಂಟಾ?"

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಮೀನು ಮರಿಮಾಡುವ ಕಾಲ. ಚಂದ್ರನಿಗೆ ಅಂಥ ಕಟ್ಟಳೆ ಇಲ್ಲ ಅಂದೆ. ನೂರು ವರ್ಷಕ್ಕೆ ಎಷ್ಟು ತೆಗೆಯಬಹುದು, ಯಾವ ಕುಳಿ ಮುಟ್ಟಬಾರದು, ತೆಗೆದದ್ದರಲ್ಲಿ ರಾಕೆಟ್ ಇಲ್ಲದ ದೇಶಕ್ಕೆ ಪಾಲೆಷ್ಟು, ಎಲ್ಲರನ್ನೂ ಕಟ್ಟುವ ಉತ್ತರ ಇದಕ್ಕೆ ಇನ್ನೂ ಇಲ್ಲ. ನನಗೆ ಆತಂಕ ಇರುವುದು ಇಲ್ಲೇ. ಯಂತ್ರ ಹೋಗುವ ಮುಂಚೆ ಕಟ್ಟಳೆ ಹೋಗಬೇಕು. ರಂಪಣಿಯ ಕಾಲದಲ್ಲಿ ಅದು ತಡವಾಯಿತು.

"ಕೇರಳದ ತುಂಬ ಅನ್ನುವ ಊರಲ್ಲಿ ರಾಕೆಟ್ಟಿಗೆ ಜಾಗ ಬಿಟ್ಟದ್ದೂ ನಮ್ಮಂಥವರೇ ಅಲ್ವಾ?" ಅಂದರು. ಹೌದು. 1963ರಲ್ಲಿ ಮೊದಲ ರಾಕೆಟ್ ಹಾರಿದ್ದು ಮೀನುಗಾರರ ಆ ಹಳ್ಳಿಯಿಂದ. ಅವರ ಇಗರ್ಜಿಯೇ ವಿಜ್ಞಾನಿಗಳ ಕಚೇರಿಯಾಯಿತು. ಶ್ರೀಹರಿಕೋಟಾದಲ್ಲಿ ಯಾನಾದಿ ಬುಡಕಟ್ಟಿನವರಿದ್ದರು. ರಾಕೆಟ್ಟಿಗೆ ಕಡಲತೀರ ಬೇಕು. ತೀರದಲ್ಲಿ ಮೊದಲಿಂದ ಇದ್ದವರು ಜಾಗ ಬಿಡಬೇಕು. ನಮ್ಮ ಪಾಠದಲ್ಲಿ ಅವರ ಹೆಸರಿಲ್ಲ. ಈ ವರ್ಷ ನಾನು ಹೇಳಿಕೊಡುತ್ತೇನೆ.

ಚಹಾದ ದುಡ್ಡು ಕೊಡಲು ಅವರು ಬಿಡಲಿಲ್ಲ. "ಈಗ ನೋಡಿದ್ದು ಅರ್ಧ. ನೂಲ ಹುಣ್ಣಿಮೆಗೆ ಬನ್ನಿ, ಸಮುದ್ರ ಪೂಜೆ ಉಂಟು. ಹಾಲು, ತೆಂಗಿನಕಾಯಿ ಬಿಟ್ಟ ಮೇಲೆಯೇ ಕೆಲವರು ಕಡಲಿಗೆ ಇಳಿಯುದು. ಶಾಲೆ ಮಕ್ಕಳನ್ನೂ ಕರ್ಕೊಂಡು ಬನ್ನಿ. ನಮ್ಮಲ್ಲಿ ಊಟಕ್ಕೆ ತೊಂದರೆ ಇಲ್ಲ." ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟಿದ್ದೇನೆ. ಇಪ್ಪತ್ತೆಂಟು ಮಕ್ಕಳು ಹೆಸರು ಬರೆಸಿದ್ದಾರೆ, ಚಂದ್ರ ನಮ್ದಾ ಅಂತ ಕೇಳಿದ ಹುಡುಗನೂ ಇದ್ದಾನೆ.